ಪಾವು, ಚಟಾಕು

ಗಾಜಿನ ಕಟ್ಟಡದ ದೊಡ್ಡ ಕಂಪನಿಯಿಂದ
ಮೂಟೆ ಲೆಕ್ಕದಲ್ಲಿ ಕೊಳ್ಳುತ್ತೇನೆ;
ಮನಾಮದ ಹಿಂಬದಿ ಗಲ್ಲಿಗಳಲ್ಲಿ
ಪಾವು, ಚಟಾಕಿನಲ್ಲಿ ಅಳೆದು ಮಾರುತ್ತೇನೆ.
ಕಣ್ಣಿಗೆ ಕಾಣದ ಸರಕು, ವಾಸನೆಯಿಲ್ಲ.
ಇದ್ದಾಗ ಯಾರೂ ನೆನೆಯುವುದಿಲ್ಲ,
ಹೋದಾಗ ನನ್ನ ತಾಯಿಯನ್ನೂ ಸೇರಿಸಿ ನೆನೆಯುತ್ತಾರೆ.

ಕೋಲ್ಡ್ ಸ್ಟೋರಿನ ಮೊಯ್ದೀನ್‌ಕುಟ್ಟಿ ದಿನಾ ಕೇಳುತ್ತಾನೆ,
ಸ್ಪೀಡ್ ಉಂಟಾ?
ಉಂಟು. ಬೆಳಿಗ್ಗೆ ಉಂಟು, ಮಧ್ಯಾಹ್ನ ಉಂಟು.
ರಾತ್ರಿ ಒಂಬತ್ತಕ್ಕೆ, ಎಲ್ಲರೂ ಮನೆಯವರಿಗೆ
ಮುಖ ತೋರಿಸುವ ಹೊತ್ತಿಗೆ
ಉಂಟು ಎನ್ನುವ ಮಾತು ಮಾತ್ರ ಉಂಟು.

ಹೌದು, ಹತ್ತು ಅಂಗಡಿಗೆ ಸಾಲುವುದನ್ನು ಮೂವತ್ತಕ್ಕೆ ಮಾರಿದ್ದೇನೆ.
ಎಲ್ಲರಿಗೂ ಒಟ್ಟಿಗೆ ಬಾಯಾರುವುದಿಲ್ಲ
ಎಂಬ ಧೈರ್ಯವೇ ಈ ವ್ಯಾಪಾರದ ಬಂಡವಾಳ.
ಮದುವೆಮನೆ ಸಾರಿಗೆ ನೀರು ಹೊಯ್ಯುವ ಅಡುಗೆ ಭಟ್ಟನೂ
ಇದನ್ನೇ ನಂಬಿರುತ್ತಾನೆ.

ಆಗಸ್ಟಿನ ಸೆಕೆ. ಮೂರು ತಿಂಗಳ ಬಾಕಿ.
ಮೊತಾಲೆಬನ ಸಲೂನಿನ ಲೈನು ಕಡಿದೆ.
ಕಡಿಯಲು ಕತ್ತರಿ ಬೇಡ, ಮೊಬೈಲಿನಲ್ಲಿ ಒಂದು ಗುಂಡಿ
ಹಸಿರಿನಿಂದ ಕೆಂಪಿಗೆ ಸರಿಯುತ್ತದೆ, ಅಷ್ಟೆ.
ಒಂದು ದಿನ, ನಾಲ್ಕು ದಿನ. ಅವನ ಫೋನಿಲ್ಲ, ಬೈಗುಳವಿಲ್ಲ.
ಬೈಯುವ ಗಿರಾಕಿಗೆ ಹೆದರಬೇಕಿಲ್ಲ.
ಬೈಯದವನ ಅಂಗಡಿಗೆ ಒಮ್ಮೆ ಹೋಗಿ ಬರಬೇಕು.

ಗಡ್ಡ ಬೋಳಿಸುವ ನೆಪದಲ್ಲಿ ಹೋದೆ.
ಗೋಡೆಯ ಟಿವಿಯಲ್ಲಿ ಮೀರ್‌ಪುರದ ಕ್ರಿಕೆಟ್ಟು
ಒಂದಿಷ್ಟೂ ತಡವರಿಸದೆ ಓಡುತ್ತಿತ್ತು.
ಕೊರಳಿಗೆ ಬಿಳಿ ಬಟ್ಟೆ ಕಟ್ಟಿ, ನೊರೆ ಹಚ್ಚಿ
ಅವನು ಹವೆಯ ಸಂಗತಿ ಎತ್ತಿದ.
ಕನ್ನಡಿಯಲ್ಲಿ ಕಂಡಿತು:
ಎಸಿ ಕೊಳವೆಯ ತೂತಿನಿಂದ ಇಳಿದ ನೀಲಿ ವಯರು.
ಆಚೆ ಟೈಲರ್ ಲಾಝರಸ್, ಗಂಗೊಳ್ಳಿಯವ,
ಒಂದನೇ ತಾರೀಕಿಗೆ ತಪ್ಪದೆ ದುಡ್ಡು ಎಣಿಸುವ ಸಭ್ಯ.
ನನ್ನಿಂದ ಎಂಟು ದಿನಾರಿಗೆ ಕೊಂಡು
ಇವನಿಗೆ ಮೂರಕ್ಕೆ, ಆ ಬದಿಯ ಇಸ್ತ್ರಿ ಯಾದಗಿರಿಗೆ ಮೂರಕ್ಕೆ.
ತನಗೆ ಬಿದ್ದದ್ದು ಎರಡೇ.
ಈ ಗಣಿತ ನನಗೆ ಹೊಳೆದಿರಲಿಲ್ಲ.

ಕತ್ತಿ ಗಂಟಲ ಮೇಲಿತ್ತು. ನಾನು ಮಾತಾಡಲಿಲ್ಲ.
ಅಷ್ಟರಲ್ಲಿ ಟಿವಿ ಸಿಕ್ಕಿಕೊಂಡಿತು.
ಆಟಗಾರ ಒಂದು ಕಾಲೆತ್ತಿ ನಿಂತ, ಚೆಂಡು ಗಾಳಿಯಲ್ಲಿ.
ಮೊತಾಲೆಬ ಓಡಿಹೋಗಿ ವಯರು ಅಲುಗಿಸಿದ,
ಅಲುಗಿಸುತ್ತಲೇ ನೆನಪಾಯಿತು, ಕುರ್ಚಿಯಲ್ಲಿ ಯಾರೆಂದು.
ಕನ್ನಡಿಯೊಳಗೆ ಇಬ್ಬರೂ ಇಬ್ಬರನ್ನೂ ನೋಡಿದೆವು.

ಅರ್ಧ ಗಡ್ಡದಲ್ಲೇ ಎದ್ದೆ. ತುದಿ ಬಿಚ್ಚಿ ನೋಡಿದೆ.
ಹಲ್ಲಿನಲ್ಲಿ ಸುಲಿದ ಕೆಲಸ; ಎಂಟೆಳೆಯಲ್ಲಿ ಎರಡು ಸರಿ ಕೂತಿಲ್ಲ.
ಕಳ್ಳತನಕ್ಕೂ ಒಂದು ಮರ್ಯಾದೆ ಬೇಡವೆ?
ಜೇಬಿನ ಇಕ್ಕಳ ತೆಗೆದು
ಕಿತ್ತಳೆ ಬಿಳಿ, ಕಿತ್ತಳೆ, ಹಸಿರು ಬಿಳಿ, ನೀಲಿ,
ನೀಲಿ ಬಿಳಿ, ಹಸಿರು, ಕಂದು ಬಿಳಿ, ಕಂದು,
ಮಗ್ಗಿ ಒಪ್ಪಿಸಿದ ಹಾಗೆ ಜೋಡಿಸಿ ಕಚ್ಚಿಸಿದೆ.
ಚೆಂಡು ಬೌಂಡರಿ ದಾಟಿತು.

ಬಂದು ಕೂತೆ. ಇನ್ನೊಂದು ಕೆನ್ನೆ, ಎಂದೆ.
ಕೊನೆಗೆ ದುಡ್ಡು ಚಾಚಿದರೆ ಅವನು ಕೈ ಹಿಂದಕ್ಕೆ ಕಟ್ಟಿಕೊಂಡ.
ರಾತ್ರಿ ಲೆಕ್ಕದ ಪುಸ್ತಕ ತೆರೆದು
ಮೂರು ತಿಂಗಳ ಬಾಕಿಯಲ್ಲಿ
ಒಂದು ಗಡ್ಡ ಕಳೆದೆ.