ಕೊಸರು

ಗುರುವಾರ, ಶನಿವಾರ, ಸಂಜೆ ಐದೂವರೆಗೆ
ಸಾಲಗಾಮೆ ರಸ್ತೆಯ ಝೆರಾಕ್ಸ್ ಅಂಗಡಿ ಮಹಡಿಯಲ್ಲಿ ಕ್ಲಾಸು.
ಎಡಕ್ಕೆ ಕೇಕ್ ಮಾಡುವ ಹುಡುಗಿ, ಬಲಕ್ಕೆ ಯೋಗದ ಮೇಷ್ಟ್ರು,
ನಡುವೆ ನಾನು, ತಕ್ಕಡಿ ರಿಪೇರಿ ಮೋನಾಚಾರಿ, ಅರವತ್ಮೂರು.
ಮೂವರಿಗೂ ಒಂದೊಂದು ವೆಬ್‌ಸೈಟು ಬೇಕು,
ಹೆಸರಿನ ಪಕ್ಕ ಒಂದು ಲೋಗೊ.

ಅಂಗಡಿಯ ಹಿತ್ತಾಳೆ ತಕ್ಕಡಿ ತೂಗುಹಾಕಿ ಫೋಟೊ ತೆಗೆದಿದ್ದೆ.
ಹಿಂದೆ ಕ್ಯಾಲೆಂಡರು, ಟೀ ಲೋಟ, ಯಾರದೋ ಚಪ್ಪಲಿ.
ಹಿನ್ನೆಲೆ ಅಳಿಸಲು ಒಂದು ಗುಂಡಿ ಇದೆ. ಒತ್ತಿದೆ.
ಕ್ಯಾಲೆಂಡರು ಹೋಯಿತು, ಲೋಟ ಹೋಯಿತು,
ಜೊತೆಗೆ ಸರಪಳಿಯೂ.
ಅಷ್ಟು ಸಣ್ಣದ್ದು ಅದರ ಕಣ್ಣಿಗೆ ಬೀಳುವುದಿಲ್ಲವಂತೆ.
ಎರಡು ತಟ್ಟೆ ಗಾಳಿಯಲ್ಲಿ ನಿಂತವು,
ಪಾಲಾದ ಅಣ್ಣತಮ್ಮಂದಿರ ಹಾಗೆ.
ಸುತ್ತ ಬೂದು-ಬಿಳಿ ಚೌಕಳಿ.
"ಇದೇನಮ್ಮ ಅಸ್ಮಾ, ಬ್ಯಾಂಕಿನ ನೆಲವಾ?"
"ಅಲ್ಲಿ ಏನೂ ಇಲ್ಲ ಅಂತ ಅರ್ಥ, ಅಂಕಲ್."
ಏನೂ ಇಲ್ಲದ್ದಕ್ಕೆ ಎಷ್ಟೊಂದು ಗೆರೆ ಎಳೆದಿದ್ದಾರೆ.

ಮೂರು ಸಂಜೆ ಹಿಡಿಯಿತು ಸರಪಳಿ ಮರಳಿ ತರಲು.
ನಾನೂರು ಪಟ್ಟು ಹಿಗ್ಗಿಸಿ, ಕೊಂಡಿ ಕೊಂಡಿಯಾಗಿ.
ಮೌಸು ಅರದಂತಲ್ಲ, ಕೈಯ ಬಿಗಿ ಅದಕ್ಕೆ ತಿಳಿಯದು.
ತಪ್ಪಿದರೆ ಕಂಟ್ರೋಲ್ ಝಡ್.
ನಮ್ಮಲ್ಲಿ ಬಟ್ಟನ್ನು ಒಂದುಜ್ಜು ಹೆಚ್ಚು ಉಜ್ಜಿದರೆ
ಹಿಂದಕ್ಕೆ ಹೋಗುವ ದಾರಿ ಇಲ್ಲ,
ಹೊಟ್ಟೆ ಕೊರೆದು ಸೀಸ ಹೊಯ್ಯಬೇಕು,
ಮೇಲೆ ಇಲಾಖೆಯ ಮುದ್ರೆ.
ಆ ಸೀಸ ನೋಡಿಯೇ ಹೇಳಬಲ್ಲೆ, ಯಾವ ಬಟ್ಟು ಯಾವಾಗ ತಪ್ಪಿತ್ತೆಂದು.
ಇಲ್ಲಿ ತಪ್ಪಿಗೆ ಗುರುತೇ ಇಲ್ಲ.
ಮೊದಮೊದಲು ಖುಷಿಯಾಯಿತು.

ಆಮೇಲೆ ಲೋಗೊ.
ರೆಡಿಮೇಡ್ ಹುಡುಕಿದರೆ ಬರೀ ಕಣ್ಣು ಕಟ್ಟಿದ ಹೆಂಗಸು.
ನಾನೇನು ವಕೀಲನೇ? ಆಲೂಗಡ್ಡೆ ಮಂಡಿಯಲ್ಲಿ
ಕಣ್ಣು ಕಟ್ಟಿಕೊಂಡು ತೂಗಿದವರು ಬಾಳಿದ್ದುಂಟೇ?
ನಾನೇ ಬರೆದೆ. ಮೂಲೆ ಹಿಡಿದೆಳೆದರೆ ತಟ್ಟೆ ದೋಣಿಯಾಯಿತು.
"ಶಿಫ್ಟ್ ಒತ್ತಿ ಹಿಡ್ಕೊಳ್ಳಿ ಅಂಕಲ್, ಅಳತೆ ಕೆಡಲ್ಲ."
ಕೆಡಲಿಲ್ಲ. ಎರಡೂ ಕಡೆ ಸಮ ಬಂತು.
ನೋಡಿದೆ: ಸತ್ತ ತಕ್ಕಡಿ.
ತುಕ್ಕು ಹಿಡಿದು ಕಚ್ಚಿಕೊಂಡದ್ದೂ ಹೀಗೇ ಸಮ ನಿಲ್ಲುತ್ತದೆ,
ಆನೆ ಇಟ್ಟರೂ ಮುಳ್ಳು ಅಲ್ಲಾಡದು.

ತಟ್ಟೆ ಅಳಿಸಿದೆ. ದಂಡ ಅಳಿಸಿದೆ.
ಮೂರು ಸಂಜೆಯ ಸರಪಳಿ ಅಳಿಸುವಾಗ
ಕೇಕಿನ ಹುಡುಗಿ "ಅಯ್ಯೋ" ಅಂದಳು.
ಮುಳ್ಳೊಂದು ಉಳಿಯಿತು, ನೆಟ್ಟಗಲ್ಲ,
ಈಗಷ್ಟೇ ಯಾರೋ ಏನೋ ಇಟ್ಟ ಹಾಗೆ
ಒಂದೆಳೆ ಬಲಕ್ಕೆ.
"ಸೂಜಿಯಾ?" ಅಂದರು ಯೋಗದ ಮೇಷ್ಟ್ರು. ಅನ್ನಲಿ.

ಕಡೆಯ ದಿನ ಅಸ್ಮಾ ಪಕ್ಕ ಬಂದು ಕೂತಳು.
"ಫೈಲು ತೂಕ ಜಾಸ್ತಿ ಅಂಕಲ್, ಪೇಜು ತಡವಾಗುತ್ತೆ.
ಇಳಿಸೋಣ. ನೋಡಿದವರಿಗೆ ಗೊತ್ತೇ ಆಗಲ್ಲ."
ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ನಲವತ್ತು ವರ್ಷ,
ತಟ್ಟೆಯಡಿ ಹುಣಸೆಹಣ್ಣು ಮೆತ್ತಿದವರೆಲ್ಲ
ಇದೇ ಮಾತು ಹೇಳಿದ್ದು ನನಗೆ, ಇಷ್ಟೇ ಮೆತ್ತಗೆ.
ನಕ್ಕೆ. ಯಾಕೆಂದು ಅವಳಿಗೆ ತಿಳಿಯಲಿಲ್ಲ.

ಮುನ್ನೂರ ನಲವತ್ತು ಇದ್ದದ್ದು ಹನ್ನೆರಡು ಕೆಬಿಗೆ ಬಂತು.
ಕನ್ನಡಕ ಒರೆಸಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದೆ.
ಮುಳ್ಳಿನ ತುದಿಯಲ್ಲಿ ಉಸಿರಷ್ಟು ಮಸುಕು.
"ಒಂದೆರಡು ಕೆಬಿ ಕೊಸರು ಹಾಕಮ್ಮ" ಅಂದೆ.