ಮೂರಕ್ಕಿಂತ ಕಡಿಮೆ ಬಂದರೆ

ಉದ್ದನೆಯ ಪುಸ್ತಕ, ಕೆಂಪು ಬಟ್ಟೆಯ ಬೆನ್ನು,
ಸಹಕಾರಿ ಬ್ಯಾಂಕಿನಿಂದ ನಾನೇ ತಂದದ್ದು.
ಸಾಲ, ಜಮೆ ಬರೆಯಬೇಕಿದ್ದ ಕಾಲಂಗಳಲ್ಲಿ
ಇಪ್ಪತ್ತಾರು ವರ್ಷದಿಂದ ಕಾರು ಬರೆಯುತ್ತಿದ್ದೇನೆ.

ಫೆಬ್ರವರಿಯ ಎರಡನೇ ಭಾನುವಾರ, ಅಂಬಳೆ ದಾರಿಯ ಬಯಲು.
ಕೊಯ್ಲು ಮುಗಿದು ಕಾಫಿ ಕಣ ಖಾಲಿ.
ತಗಡಿನ ಶೆಡ್ಡಿನಡಿ ಒಂದು ಮೇಜು. ಮೇಜಿಗೆ ನಾನು,
ಬಾಗಿಲಿಗೆ ನಂಬರು ಅಂಟಿಸಲು ಶಮೀಮಾ,
ಬಾನೆಟ್ಟೊಳಗೆ ಮೂಗು ತೂರಿಸಲು ಇನಾಸ್ ಲೋಬೊ.

ಮೊದಲ ಪುಟ ತೆರೆದರೆ
ಎಂಟುನೂರು ಸಿಸಿ ಒಳಗಿನ ವರ್ಗ: ನಲವತ್ತೊಂದು.
ಜಾಗ ಸಾಲದೆ ಅಂಚಿಗೆ ಅಡ್ಡಡ್ಡ ಬರೆದಿದ್ದೇನೆ.
ಹಲ್ಲಿನ ಡಾಕ್ಟರ ಬಿಳಿ ಕಾರು, ಬೇಕರಿಯವನ ನೀಲಿ,
ಡ್ರೈವಿಂಗ್ ಸ್ಕೂಲಿನದೊಂದು, ಎರಡೆರಡು ಬ್ರೇಕಿನದು.
‘ಪಕ್ಕದ ಬ್ರೇಕು ಬಿಚ್ಚಿಟ್ಟು ಬಾ’ ಎಂದು ಲೋಬೊ ಗದರಿದ್ದ.
ಹೆಂಡತಿಗೆ ಹೇಳದೆ ಬಂದವರು
ಹೆಲ್ಮೆಟ್ಟಿನೊಳಗಿಂದಲೇ ಹೆಸರು ಹೇಳುತ್ತಿದ್ದರು.
ಸೋಮವಾರ ಅದೇ ಕಾರಲ್ಲಿ ಮಕ್ಕಳು ಸ್ಕೂಲಿಗೆ,
ಯೂನಿಫಾರಮ್ಮಿನ ಹಿಂಭಾಗ ಕೆಂಪು.

ಆಮೇಲೆ ಮೂವತ್ತು, ಆಮೇಲೆ ಇಪ್ಪತ್ತೆಂಟು.
ಕಂಬಿಪಂಜರ ಕಡ್ಡಾಯವಾದ ವರ್ಷ
ಒಂದೇ ಸಲಕ್ಕೆ ಹದಿನಾರು ಹೆಸರು ಉದುರಿದವು.
ಕಂಬಿಗೆ ಕಾರಿನಷ್ಟೇ ದುಡ್ಡು.
ನಿಯಮ ತಪ್ಪೆನ್ನಲಾರೆ. ಹಿಂದಿನ ವರ್ಷ ಪಲ್ಟಿಯಾದ
ಬೇಕರಿಯವನ ಎಡಗೈ ಇನ್ನೂ
ಮೇಲಿನ ಹಲಗೆಯ ಬ್ರೆಡ್ಡಿಗೆ ಎಟಕುವುದಿಲ್ಲ.

ಡೀಸೆಲ್ ವರ್ಗ ಹುಟ್ಟಿದ್ದನ್ನೂ ನಾನೇ ಬರೆದೆ,
ಒಂಬತ್ತು; ಮೂವತ್ತಮೂರಕ್ಕೆ ಏರಿ ಎರಡಕ್ಕೆ ಇಳಿದು
ಹೋದದ್ದನ್ನೂ.
ಜೀಪಿನವರು ಯಾವತ್ತೂ ಏಳು. ಅದೇ ಏಳು.
ಒಬ್ಬ ತೀರಿಕೊಂಡರೂ ಅವನ ಜೀಪು ಬರುತ್ತದೆ.
ಹೆಂಗಸರ ವರ್ಗದಲ್ಲಿ ಒಂದು ವರ್ಷ
ಶಮೀಮಾ ಒಬ್ಬಳೇ ಓಡಿಸಿ ಒಬ್ಬಳೇ ಕಪ್ಪು ಹಿಡಿದಳು;
ಈ ಸಲ ಹತ್ತೊಂಬತ್ತು. ಅವಳು ಅಂಟಿಸುತ್ತಲೇ ಇದ್ದಾಳೆ.
ಇನ್ನು ಓಪನ್ ವರ್ಗ:
ನಮ್ಮ ಕಾರುಗಳು ರೇಸಿಗೆ ತಾವೇ ನಡೆದು ಬರುತ್ತಿದ್ದವು,
ಇವು ಲಾರಿಯ ಮೇಲೆ ಮಲಗಿ ಬರುತ್ತವೆ,
ಪರದೆ ಹೊದ್ದು, ಮದುವೆ ಗಂಡಿನ ಗತ್ತಲ್ಲಿ.
ಯಾಕೆ ಹೀಗೆ ಎಂದರೆ ಲೋಬೊ ಟೈರಿನ ರೇಟು ಹೇಳುತ್ತಾನೆ.
ನಾನು ಕೂಡುತ್ತೇನೆ. ಒಟ್ಟು ಮೊತ್ತ
ಆಗಲೂ ನೂರರ ಆಸುಪಾಸು, ಈಗಲೂ ಅಷ್ಟೇ.
ಮೊತ್ತ ನೋಡಿದವನಿಗೆ ಏನೂ ಆಗಿಲ್ಲ.

ಎಂಟುನೂರು ಸಿಸಿ, ಈ ವರ್ಷ: ತೋಂಟೇಶ.
ಕ್ಯೂರಿಂಗ್ ವರ್ಕ್ಸಿನಲ್ಲಿ ಮೂಟೆ ತೂಗುವ ಕೆಲಸ.
ಎರಡು ವರ್ಷ ಒಬ್ಬನೇ ಓಡಿ ಒಬ್ಬನೇ ಗೆದ್ದವನು,
ಕಪ್ಪು ಇಸಕೊಳ್ಳುವಾಗ ನೆಲ ನೋಡುತ್ತಿದ್ದವನು.
ಸಮಿತಿ ಈಗ ಗೆರೆ ಎಳೆದಿದೆ:
ಮೂರಕ್ಕಿಂತ ಕಡಿಮೆ ಬಂದರೆ ವರ್ಗ ಇಲ್ಲ.
‘ಮೇಲಿನದಕ್ಕೆ ಸೇರಿಸಬಹುದು,
ಹದಿನೇಳು ಜನ, ಎಲ್ಲ ದೊಡ್ಡ ಎಂಜಿನ್ನು.
ಬೇಡ ಅಂದ್ರೆ ಫೀಸು ವಾಪಸ್ಸು’ ಅಂದೆ.
ಪೆನ್ನು ನನ್ನ ಕೈಯಿಂದಲೇ ಕಿತ್ತುಕೊಂಡ.

ಧೂಳೆದ್ದು, ಧೂಳು ಕೂತು,
ಲೆಕ್ಕ ಬಂತು. ಹದಿನೆಂಟರಲ್ಲಿ ಹದಿನೆಂಟು.
ಗೆದ್ದವನಿಂದ ಹನ್ನೊಂದು ಸೆಕೆಂಡು ದೂರ.
ಏನು ಸಮಾಧಾನ ಹೇಳಲಿ ಎಂದು ನಾನು
ಹಾಳೆ ಮಡಿಸುತ್ತಿದ್ದರೆ, ಹೆಲ್ಮೆಟ್ಟು ಕಂಕುಳಲ್ಲಿಟ್ಟು ಬಂದು
‘ಹದಿನೇಳನೆಯವನಿಗೂ ನನಗೂ ಎಷ್ಟು ಸಾರ್?’
‘ಸೆಕೆಂಡಿನ ಹತ್ತರಲ್ಲಿ ನಾಲ್ಕು.’
‘ನಾಲ್ಕೇನಾ?’
ಮುಖ ಕಂಡೆ. ಎರಡು ಕಪ್ಪಿಗೂ ಬರದ ಮುಖ.
‘ಯಾರು ಅವನು, ಎಲ್ಲಿದಾನೆ?’

ಹೋದ, ಗುಡಾರಗಳ ನಡುವೆ ಇಪ್ಪತ್ತಮೂರನ್ನು ಹುಡುಕುತ್ತ.
ಆಮೇಲೆ ನೋಡಿದರೆ ಇಬ್ಬರೂ ಕುಕ್ಕರುಗಾಲಲ್ಲಿ ಕೂತು
ಒಂದೇ ಟೈರನ್ನು ಬೆರಳಲ್ಲಿ ಒತ್ತುತ್ತಿದ್ದರು.

ಸಂಜೆ, ಮುಂದಿನ ವರ್ಷದ ಪುಟಕ್ಕೆ ಗೆರೆ ಹಾಕುವಾಗ
‘ಎಂಟುನೂರರದ್ದು ಇನ್ನು ಬೇಕಾ?’ ಅಂದಳು ಶಮೀಮಾ.
ಸ್ಕೇಲು ಪುಟದ ಮೇಲೇ ಬಿಟ್ಟು
ನಾನು ಕಾಫಿಗೆ ಎದ್ದೆ.