ಗುರುವಾರದ ಧಾರಣೆ

ಗುರುವಾರ ರಾತ್ರಿ ಏಳೂವರೆಗೆ ಫೋನು.
ಹಲೋ ಇಲ್ಲ, ಹೇಗಿದ್ದೀ ಇಲ್ಲ.
"ಐನೂರೈವತ್ತರ ಹೋರಿಗರು?" ಅನ್ನುತ್ತಾನೆ ವರ್ಲಿನ್
ಮೊಂಟಾನಾದಿಂದ, ಬಾಯಲ್ಲಿ ಏನೋ ಅಗಿಯುತ್ತ.
"ಮುನ್ನೂರ ಹನ್ನೆರಡು," ಅನ್ನುತ್ತೇನೆ ನಾನು
ನೆಬ್ರಾಸ್ಕಾದ ಮರಳುಗುಡ್ಡದಲ್ಲಿ ಕೂತು.
"ಕಪ್ಪು. ಒಂದೇ ಅಳತೆ. ಎರಡು ಸೂಜಿ ಹಾಕಿಸಿದವು."
"ಇಲ್ಲಿ ಮುನ್ನೂರ ನಾಲ್ಕು."
ಆ ಎಂಟು ಡಾಲರನ್ನು ನಡುವೆ ಇಟ್ಟುಕೊಂಡು
ಅಣ್ಣತಂಗಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇವೆ,
ಒಂದೇ ಒಲೆಗೆ ಕೈ ಕಾಸುವ ಹಾಗೆ.

ಇಪ್ಪತ್ತಾರು ವರ್ಷದಿಂದ ಹೀಗೇ.
ಎಂಟು ಡಾಲರಿಗಾಗಿ ಐನೂರು ಮೈಲಿ ಲಾರಿ ಓಡಿಸಿದರೆ ಗಿಟ್ಟೀತೆ?
ಅದು ಅವನ ಲೆಕ್ಕ, ಕರು ಬಿಡಿಸುವ ಕಾಲ ಬಂತೆಂದರೆ ಸಾಕು.
ಬಾಡಿಗೆ ಇಷ್ಟು, ಡೀಸೆಲ್ಲು ಇಷ್ಟು,
ಮತ್ತೆ ದಾರಿಯುದ್ದಕ್ಕೂ ಕರು ಇಳಿಯುತ್ತದಲ್ಲ,
ನೂರಕ್ಕೆ ನಾಲ್ಕು ಪೌಂಡು,
ಸಗಣಿಯಾಗಿ, ಗಂಜಲವಾಗಿ, ಅಂಬಾ ಎನ್ನುವ ಕೂಗಾಗಿ.
(ಕೂಗಿನ ತೂಕ ನಾನು ಸೇರಿಸಿದ್ದು. ಅವನು ನಗಲಿಲ್ಲ.)
ಕೂಡಿ ಕಳೆದರೆ ತಲೆಗೆ ಐವತ್ತು ಡಾಲರು ಕೈ ಕಚ್ಚುತ್ತದೆ.
"ಹಾಗಾದರೆ ಅಲ್ಲೇ ಮಾರು."
"ಇಲ್ಲೇ ಮಾರುತ್ತೇನೆ,"
ಯುದ್ಧ ಬೇಡವೆಂದು ತೀರ್ಮಾನಿಸಿದ ದೊರೆಯ ಗತ್ತಿನಲ್ಲಿ.

ಆಮೇಲೆ ಹುಲ್ಲು.
ಎಲ್ಲಿ ಶುರುವಾದರೂ ಮಾತು ಹುಲ್ಲಿನಲ್ಲೇ ಮುಗಿಯಬೇಕು.
ಅವನ ಕಡೆ ಕುದುರೆಮೆಂತೆ ಟನ್ನಿಗೆ ನೂರ ತೊಂಬತ್ತು,
ನನ್ನ ಕಡೆ ತೋಡುಬಯಲ ಹುಲ್ಲು ನೂರಿಪ್ಪತ್ತು.
ಎಥನಾಲ್ ಕಾರ್ಖಾನೆಯ ಜೋಳದ ಚರಟ
ನನಗೆ ಹತ್ತಿರ, ಅವನಿಗೆ ದೂರ;
ಕಾರ್ಖಾನೆಯನ್ನು ನಾನೇ ರಾತ್ರೋರಾತ್ರಿ
ಇತ್ತ ಎಳೆದುಕೊಂಡೆ ಎಂಬಂತೆ ಗೊಣಗುತ್ತಾನೆ.

ಡೆಲ್ಮರ್ ತೀರಿಕೊಂಡ ವಾರವೂ ಫೋನು ಬಂತು.
ಗಂಟಲು ಸರಿಮಾಡಿಕೊಂಡ. ಮತ್ತೊಮ್ಮೆ ಸರಿಮಾಡಿಕೊಂಡ.
"ಗೊಡ್ಡು ಹಸು ಎಷ್ಟಕ್ಕೆ ಹೋಯಿತು?"
"ತೊಂಬತ್ತೊಂದು."
"ಪರವಾಗಿಲ್ಲವಲ್ಲ."
"ಪರವಾಗಿಲ್ಲ," ಅಂದೆ.
ಆ ರಾತ್ರಿ ನನಗೆ ನಿದ್ದೆ ಬಂತು.

ಹೋದ ತಿಂಗಳು ಒಂದು ಗುರುವಾರ
ಹೋರಿಗರು ಕೇಳಿದ, ಕಡಸು ಕೇಳಿದ.
ಹುಲ್ಲು ಕೇಳಲಿಲ್ಲ.
ಗಾಳಿ ಜೋರು, ಅಂದ. ಗೇಟಿನ ಬಳಿ ಒಂದು ನರಿ ಕಂಡೆ, ಅಂದ.
ಇಷ್ಟು ವರ್ಷದಲ್ಲಿ ಇವನ ಬಾಯಿಂದ
ಬೆಲೆಯಿಲ್ಲದ ಪ್ರಾಣಿ ಬಂದದ್ದು ಅದೇ ಮೊದಲು.
"ಹುಲ್ಲು?" ನಾನೇ ಕೇಳಿದೆ.
"ಹಾಂ, ಹುಲ್ಲು. ಬೆಳೆದಿದೆ."

ಬೆಳೆದಿದೆ ಅನ್ನುವುದು ಧಾರಣೆಯಲ್ಲ.

ದನದ ಪತ್ರಿಕೆ ಅಂಚೆಯಲ್ಲಿ ತಡವಾಗಿ ಬರುತ್ತದೆ.
ಹರಾಜಿನ ಅಂಕಣ, ಕೆಳಗೆ, ಸಣ್ಣಕ್ಷರದಲ್ಲಿ:
ಇನ್ನೂರ ಹದಿನಾಲ್ಕು ಹಸು, ಎಲ್ಲ ಗಬ್ಬ,
ಮೂರರಿಂದ ಎಂಟು ವರ್ಷ, ಒಂದೇ ಕೈಯಲ್ಲಿ ಬೆಳೆದವು,
ಮಾಲೀಕ ಹಿಂಡನ್ನು ಪೂರ್ತಿ ಬಿಡುತ್ತಿದ್ದಾನೆ.
ಹೆಸರಿಲ್ಲ. ಬರೆಯ ಗುರುತು ಮಾತ್ರ:
ಎಡತೊಡೆಯ ಮೇಲೆ ಮುರಿದ ಬಾಣ.
ಆ ಕಬ್ಬಿಣವನ್ನು ಬೆಂಕಿಗಿಡುವುದು ನನ್ನ ಕೆಲಸವಾಗಿತ್ತು,
ಒಂಬತ್ತು ವರ್ಷದವಳಿದ್ದಾಗ;
ಒತ್ತುವುದು ಅವನ ಕೆಲಸ.
ಸುಟ್ಟ ಕೂದಲಿನ ವಾಸನೆ ಮೂಗಿಗೆ ಬಂತು,
ಕಾಗದದಿಂದ.
ಒಳ್ಳೆಯ ಬೆಲೆಯೇ ಬಂದಿದೆ. ಎರಡು ಸಲ ನೋಡಿದೆ.
ನಾನಾಗಿದ್ದರೂ ಅದಕ್ಕೆ ಕೊಡುತ್ತಿದ್ದೆ. ಕೊಡುತ್ತಿರಲಿಲ್ಲ.
ಗೊತ್ತಿಲ್ಲ.

ಮುಂದಿನ ಗುರುವಾರ, ಏಳೂವರೆ.
"ಐನೂರೈವತ್ತರ ಹೋರಿಗರು?"
ಅಂದರೆ ಈಗಲೂ ಹೋಗುತ್ತಾನೆ ಸಂತೆಗೆ,
ಮಾರಲು ಏನೂ ಇಲ್ಲದೆ, ಕೊಳ್ಳಲು ಏನೂ ಇಲ್ಲದೆ,
ಮೆಟ್ಟಿಲ ಮೇಲೆ ಅದೇ ಜಾಗದಲ್ಲಿ ಕೂತು
ಬೇರೆಯವರ ಕರುಗಳ ಬೆಲೆಯನ್ನು
ನನಗಾಗಿ ಕಿವಿಯಲ್ಲಿ ತುಂಬಿಕೊಂಡು ಬರುತ್ತಾನೆ.

ನಮ್ಮಲ್ಲಿ ಅವತ್ತು ಮುನ್ನೂರ ಹತ್ತಕ್ಕೆ ಹೋಗಿತ್ತು.
"ಮುನ್ನೂರ ಇಪ್ಪತ್ತೊಂದು," ಅಂದೆ.
ಅಂತರ ಕೊಂಚ ದೊಡ್ಡದಾಗಲಿ,
ಲಾರಿ ಕಳಿಸುವುದೋ ಬೇಡವೋ ಎಂಬುದು
ಅಷ್ಟು ಬೇಗ ಹರಿಯದಿರಲಿ.

"ತಡಿ, ತಡಿ," ಅಂದ.
ಆ ಕಡೆ ಡ್ರಾಯರು ಎಳೆದ ಸದ್ದು,
ಪೆನ್ಸಿಲು ಹುಡುಕುವ ಸದ್ದು.